ಎರಿ ಸೀಮೆಯಲ್ಲಿ ಉಳಿದದ್ದು, ಉಳಿಸಿಕೊಂಡದ್ದು

ಧಾರವಾಡ ಜಿಲ್ಲೆಯ ಹಳ್ಳಿಗಾಡಿಗೆ ಎರಡು ಮುಖಗಳಿವೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳ ಎರಿ ಬಯಲು. ಕರಿ ಮಣ್ಣು, ವಿರಳ ಗಿಡಮರ, ಜೋಳ, ಕಡಲೆ, ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ. ಪಶ್ಚಿಮಕ್ಕೆ ಕಲಘಟಗಿ. ಅಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆಗಳಿವೆ, ತೇಗದ ಕಾಡಿದೆ. ಮಲೆನಾಡು ಅಲ್ಲಿಂದಲೇ ಶುರುವಾಗುತ್ತದೆ. ಈ ಎರಡರ ನಡುವೆ ಹುಬ್ಬಳ್ಳಿ-ಧಾರವಾಡ ಅವಳಿ ನಗರ ಕುಳಿತಿದೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 18.47 ಲಕ್ಷ. ಅದರಲ್ಲಿ 9.4 ಲಕ್ಷಕ್ಕೂ ಹೆಚ್ಚು ಜನ ಅವಳಿ ನಗರದಲ್ಲೇ ಇದ್ದರು. ಹೀಗಾಗಿ ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳ ಬದುಕು ನಗರದ ಕಡೆ ಮುಖ ಮಾಡಿಯೇ ನಡೆಯುತ್ತದೆ. ಮಾಲು ಮಾರುವುದು ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ, ಮಕ್ಕಳು ಓದುವುದು ಧಾರವಾಡದಲ್ಲಿ, ದವಾಖಾನೆ ಎಂದರೂ ಹುಬ್ಬಳ್ಳಿಯೇ.

ಬದಲಾವಣೆ ಈ ಸೀಮೆಗೆ ಹೊಸದಲ್ಲ. 19ನೇ ಶತಮಾನದ ನಡುವಿನಲ್ಲೇ ಇಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಧಾರವಾಡದ ಎರಿ ಹೊಲದ ರೈತ ಒಮ್ಮೆಲೇ ದುಡ್ಡು ಕಂಡ. ಯುದ್ಧ ಮುಗಿದದ್ದೇ ಬೆಲೆ ಕುಸಿದು ಸಾಲಕ್ಕೆ ಬಿದ್ದ. ಅದಾದ ಹತ್ತು ವರ್ಷಕ್ಕೆ 1876-78ರ ಭೀಕರ ಬರ. 1880ರ ದಶಕದಲ್ಲಿ ರೈಲು ಬಂದು ಅಣ್ಣಿಗೇರಿ, ಕುಂದಗೋಳಗಳು ನಿಲ್ದಾಣದ ಊರುಗಳಾದವು. ಆಡಳಿತವೂ ಒಬ್ಬರ ಕೈಯಲ್ಲಿ ಇರಲಿಲ್ಲ. ನವಲಗುಂದ ಮುಂಬಯಿ ಪ್ರಾಂತದಲ್ಲಿದ್ದರೆ ಕುಂದಗೋಳ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಸ್ವಾತಂತ್ರ್ಯದ ನಂತರ ಸಂಸ್ಥಾನ ವಿಲೀನವಾಯಿತು, 1956ರಲ್ಲಿ ಏಕೀಕರಣವಾಯಿತು, 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಬೇರೆಯಾದವು. ನವಲಗುಂದದ ಭಾಗವಾಗಿದ್ದ ಅಣ್ಣಿಗೇರಿ ಪ್ರತ್ಯೇಕ ತಾಲ್ಲೂಕಾಗಿದ್ದು ತೀರ ಈಚೆಗೆ.

ಇಷ್ಟೆಲ್ಲ ಏರುಪೇರಿನ ನಡುವೆ ಯಾವುದು ಉಳಿಯಿತು, ಹೇಗೆ ಉಳಿಯಿತು ಎಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೇಳಿ ಮಾಡಿಸಿಕೊಳ್ಳುವವರು, ಹರಕೆ ಹೊರುವವರು, ವರ್ಷಕ್ಕೊಮ್ಮೆ ಬಂದು ಕೂಡುವವರು ಇರುವ ಪರಂಪರೆಗಳು ಇಲ್ಲಿ ಗಟ್ಟಿಯಾಗಿವೆ. ಬಳಸುವವರನ್ನು ಕಳೆದುಕೊಂಡು ಬರೀ ಪ್ರಮಾಣಪತ್ರ ಗಳಿಸಿದವು ಸೊರಗಿವೆ. ಸರ್ಕಾರದ ಮಾನ್ಯತೆಗೂ ಪರಂಪರೆಯ ಆರೋಗ್ಯಕ್ಕೂ ಇರುವ ಸಂಬಂಧ ಸಾಮಾನ್ಯವಾಗಿ ಭಾವಿಸುವುದಕ್ಕಿಂತ ತೆಳುವಾದದ್ದು.

ಈ ಸೀಮೆಯಲ್ಲಿ ನೆನಪನ್ನು ಬರೆದಿಡುವ ರೂಢಿ ಎಷ್ಟು ಹಳೆಯದು ಎಂಬುದಕ್ಕೆ ಅಣ್ಣಿಗೇರಿ ಸಾಕ್ಷಿ. ಬೆಳ್ವೊಲ ಮುನ್ನೂರು ಎಂಬ ನಾಡಿಗೆ ಇದು ಕೇಂದ್ರವಾಗಿತ್ತು. ಕಲ್ಯಾಣ ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ 12ನೇ ಶತಮಾನದ ಕೊನೆಯಲ್ಲಿ ಇಲ್ಲಿಂದಲೇ ಆಳಿದ. ಸುಮಾರು 1050ರ ಹೊತ್ತಿನ ಅಮೃತೇಶ್ವರ ಗುಡಿ, ಚಾಲುಕ್ಯ ಶಿಲ್ಪಿಗಳು ಮರಳುಗಲ್ಲು ಬಿಟ್ಟು ನುಣುಪಾದ ಬಳಪದ ಕಲ್ಲಿಗೆ ಹೊರಳಿದ ಮೊದಲ ದೊಡ್ಡ ಕಟ್ಟಡಗಳಲ್ಲಿ ಒಂದು. ಆದಿಕವಿ ಪಂಪನಿಗೂ ಈ ಊರಿಗೂ ನಂಟಿದೆ. ಅದು ತಿಳಿದದ್ದು ಪಂಪನ ಕಾವ್ಯದಿಂದ ಅಲ್ಲ, ಅವನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದಲ್ಲಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಆ ಶಾಸನ ಹೇಳುತ್ತದೆ. ಊರಿನವರು ಪಂಪನನ್ನು ತಮ್ಮವನೆಂದು ಎದೆಯುಬ್ಬಿಸಿ ಹೇಳುವುದರ ಹಿಂದೆ, ನೂರಾರು ಮೈಲಿ ದೂರದ ಗುಡ್ಡದ ಮೇಲೆ ತಾಯಿಯ ತವರನ್ನು ಮರೆಯದೆ ಬರೆಸಿದ ಒಬ್ಬ ಮಗನಿದ್ದಾನೆ.

ಇದಕ್ಕಿಂತ ಅರ್ಥಪೂರ್ಣವಾದದ್ದು ನೆರೆಯ ಗಾವರವಾಡದ 1071-72ರ ಶಾಸನ. ಚೋಳರ ದಂಡಯಾತ್ರೆಯಲ್ಲಿ ಬೆಳ್ವೊಲ ನಾಡಿನ ಜೈನ ಬಸದಿಗಳು ಸುಟ್ಟುಹೋದದ್ದು, ಆ ಮೇಲೆ ನಾಡನ್ನು ಆಳುತ್ತಿದ್ದ ಲಕ್ಷ್ಮರಸ ಅಣ್ಣಿಗೇರಿಯ ಬಸದಿಗೆ ಹಳೆಯ ದತ್ತಿಗಳನ್ನು ಮತ್ತೆ ನಡೆಸುವ ಏರ್ಪಾಟು ಮಾಡಿದ್ದು ಅದರಲ್ಲಿ ದಾಖಲಾಗಿದೆ. ನಾಶವನ್ನೂ ಜೀರ್ಣೋದ್ಧಾರವನ್ನೂ ಒಂದೇ ಕಲ್ಲಿನಲ್ಲಿ ಬರೆಸಿದ ಈ ದಾಖಲೆ, ಗೆದ್ದದ್ದನ್ನು ಮಾತ್ರ ಕೊಂಡಾಡುವ ಶಾಸನಗಳಿಗಿಂತ ಬೇರೆ ಜಾತಿಯದು. ಎಲ್ಲವೂ ಹೀಗೆ ಕಲ್ಲಿಗೇರಲಿಲ್ಲ. 2010ರಲ್ಲಿ ಅಣ್ಣಿಗೇರಿಯಲ್ಲಿ ನೆಲ ಅಗೆಯುವಾಗ ಸಾಲಾಗಿ ಜೋಡಿಸಿಟ್ಟಂತಿದ್ದ ನೂರಾರು ತಲೆಬುರುಡೆಗಳು ಹೊರಬಂದವು. ಯುದ್ಧ, ಸಾಂಕ್ರಾಮಿಕ ರೋಗ, ಬರ ಎಂದು ತಜ್ಞರ ಊಹೆಗಳು ಬೇರೆಬೇರೆಯಾದವು. ಪರೀಕ್ಷೆಗಳ ಫಲವೂ ಒಂದಕ್ಕೊಂದು ಹೊಂದಲಿಲ್ಲ. ಆಗ ಚರ್ಚೆಗೆ ಬಂದ ಹೆಸರುಗಳಲ್ಲಿ ಡೋಗಿ ಬರವೂ ಒಂದು. 1791-92ರ ಆ ಕ್ಷಾಮದಲ್ಲಿ ದಖ್ಖನಿನ ಊರೂರು ಬರಿದಾಗಿ, ಸತ್ತವರನ್ನು ಮಣ್ಣು ಮಾಡುವವರೂ ಇಲ್ಲದಂತಾಗಿತ್ತು. ಯಾರೂ ಶಾಸನ ಹಾಕಿಸದ ಆ ದುರಂತಕ್ಕೆ ಜನರ ಬಾಯಲ್ಲಿ ಉಳಿದ ಹೆಸರೇ ದೊಡ್ಡ ದಾಖಲೆ.

ಕುಂದಗೋಳದ ಕಥೆ ಕಲ್ಲಿನದಲ್ಲ, ಕೊರಳಿನದು. ಇಲ್ಲಿಯ ನಾಡಿಗೇರ ಮನೆತನದ ವಾಡೆ ಹಿಂದುಸ್ತಾನಿ ಸಂಗೀತದ ಇತಿಹಾಸದಲ್ಲಿ ಬರುವ ಕೆಲವೇ ಹಳ್ಳಿಮನೆಗಳಲ್ಲಿ ಒಂದು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮೈಸೂರು, ಧಾರವಾಡ ಎಂದು ತಿರುಗುವಾಗ ಈ ವಾಡೆಯ ಆತಿಥ್ಯ ಪಡೆಯುತ್ತಿದ್ದರು. ಈ ಊರಿನ ರಾಮಚಂದ್ರ ಎಂಬ ಹುಡುಗ ಅವರ ಶಿಷ್ಯನಾದ. 1886ರಲ್ಲಿ ಹುಟ್ಟಿದ ಈ ರಾಮಭಾವು ಮುಂದೆ ಮರಾಠಿ ರಂಗಭೂಮಿ ಸೇರಿ, ಸ್ತ್ರೀಪಾತ್ರಗಳಲ್ಲಿ ಹಾಡಿ ನಟಿಸಿ, ಬಾಲಗಂಧರ್ವರಿಗಿಂತ ಒಂದು ಕೈ ಮೇಲೆಂಬ ಮೆಚ್ಚುಗೆಯಲ್ಲಿ ಸವಾಯಿ ಗಂಧರ್ವ ಎಂದು ಹೆಸರಾದರು. ನಾಟಕದ ಬದುಕು ಮುಗಿಸಿ ಅವರು ಊರಿಗೆ ಮರಳಿದ್ದರಿಂದ ಕುಂದಗೋಳ ಗುರುಕುಲವಾಯಿತು. ಗದುಗಿನಿಂದ ಹೊರಟು ಉತ್ತರ ಹಿಂದುಸ್ತಾನವನ್ನೆಲ್ಲ ಗುರುವಿಗಾಗಿ ಅಲೆದಿದ್ದ ಭೀಮಸೇನ ಜೋಶಿ ಕೊನೆಗೆ ಕಲಿತದ್ದು ತನ್ನೂರಿನಿಂದ ಕೂಗಳತೆಯೆನ್ನುವಷ್ಟು ಹತ್ತಿರದ ಈ ಮನೆಯಲ್ಲಿ, ಗುರುವಿನ ಮನೆಗೆಲಸವನ್ನೂ ಮಾಡಿಕೊಂಡು. ಗಂಗೂಬಾಯಿ ಹಾನಗಲ್ಲ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲೇ ಮರಳುತ್ತಿದ್ದರು. ಹಾಡುವ ಹೆಣ್ಣುಮಕ್ಕಳನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲವದು. ಹತ್ತಿ ಸಾಗಿಸಲು ಹಾಕಿದ ರೈಲುಹಳಿ ಒಬ್ಬ ಗಾಯಕಿಯ ಕಲಿಕೆಗೂ ದಾರಿಯಾಯಿತು. ಇದೇ ತಾಲ್ಲೂಕಿನ ಯಲಿವಾಳದಲ್ಲಿ 1917ರಲ್ಲಿ ಹುಟ್ಟಿದ ಬಸವರಾಜ ರಾಜಗುರು ಕೂಡ ಸವಾಯಿ ಗಂಧರ್ವರ ಬಳಿ ಕಲಿತವರೇ. ಉಸ್ತಾದರು ಮುಸ್ಲಿಮರು, ಆಶ್ರಯ ಕೊಟ್ಟವರು ಬ್ರಾಹ್ಮಣರು, ಶಿಷ್ಯರಲ್ಲಿ ದೇವದಾಸಿ ಹಿನ್ನೆಲೆಯ ಮನೆತನದವರೂ ಜಂಗಮರೂ ಇದ್ದರು ಎಂಬುದನ್ನು ನೆನೆದರೆ, ಜಾತಿಯ ಗೆರೆಗಳು ಬಿಗಿಯಾಗಿದ್ದ ಆ ದಿನಗಳಲ್ಲಿ ವಾಡೆ ಎಂಥ ಕೂಡುತಾಣವಾಗಿತ್ತು ಎಂಬುದು ಗೊತ್ತಾಗುತ್ತದೆ.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ ಭೀಮಸೇನರ ಮುತುವರ್ಜಿಯಲ್ಲಿ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವ ಶುರುವಾಗಿ ಇಂದು ದೇಶದ ಅತಿ ದೊಡ್ಡ ಸಂಗೀತ ಸಮಾರಂಭಗಳಲ್ಲಿ ಒಂದಾಗಿದೆ. ಕುಂದಗೋಳದಲ್ಲೂ ಪುಣ್ಯತಿಥಿಯ ಸಂಗೀತೋತ್ಸವ ನಡೆದುಬಂದಿದೆ. ನಡೆಯುವುದು ವಾಡೆಯಲ್ಲಿ, ಅಹೋರಾತ್ರಿ. ಗಂಗೂಬಾಯಿ, ಭೀಮಸೇನ, ಫಿರೋಜ್ ದಸ್ತೂರ್ ಇಲ್ಲಿಗೆ ಬಂದು ಹಾಡುವುದನ್ನು ಗುರುಸೇವೆ ಎಂದೇ ತಿಳಿದಿದ್ದರು. ಗಮನಿಸಬೇಕಾದದ್ದು ಇದರ ಹಿಂದಿನ ಆರ್ಥಿಕ ಬದಲಾವಣೆ. ಸಂಸ್ಥಾನ ಹೋಯಿತು, ಇನಾಮು ರದ್ದಾಯಿತು, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ರಾಜ್ಯದುದ್ದಕ್ಕೂ ದೊಡ್ಡ ಹಿಡುವಳಿಗಳು ಕರಗಿದವು. ಹೊಲದ ಗೇಣಿಯ ಬಲದ ಮೇಲೆ ಉಸ್ತಾದರನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಕಾಲ ಮುಗಿಯಿತು. ಕಲೆಗೆ ಅನ್ನ ಹಾಕುತ್ತಿದ್ದ ವ್ಯವಸ್ಥೆ ಅನ್ಯಾಯದಿಂದಲೂ ಕೂಡಿತ್ತು, ಅದು ಹೋದದ್ದು ಸರಿಯೇ. ಆದರೆ ಅದರ ಜಾಗಕ್ಕೆ ಬರಬೇಕಾದದ್ದು ತಾನಾಗಿ ಬರುವುದಿಲ್ಲ. ಕುಂದಗೋಳದಲ್ಲಿ ಮನೆತನದವರು, ಶಿಷ್ಯಪರಂಪರೆ, ಊರಿನ ರಸಿಕರು, ಕೊನೆಗೆ ಸರ್ಕಾರ ಹೀಗೆ ನಾಲ್ಕಾರು ಕೈ ಸೇರಿ ಆ ಜಾಗ ತುಂಬಿದವು. ಸರ್ಕಾರ ಸವಾಯಿ ಗಂಧರ್ವರ ಹೆಸರಿನಲ್ಲಿ ಸ್ಮಾರಕ ಭವನವನ್ನೂ ಕಟ್ಟಿಸಿದೆ. ಆದರೂ ರಸಿಕರ ಮನಸ್ಸಿನಲ್ಲಿ ಕುಂದಗೋಳದ ಸಂಗೀತವೆಂದರೆ ಮರದ ಕಂಬಗಳ ಆ ಹಳೆಯ ವಾಡೆಯೇ.

ಕುಂದಗೋಳ ತಾಲ್ಲೂಕಿನದೇ ಇನ್ನೊಂದು ಊರು ಕಳಸ. ಶಿಶುನಾಳ ಶರೀಫರಿಗೆ (1819-1889) ಗುರುವಾದ ಗೋವಿಂದ ಭಟ್ಟರ ಊರಿದು. ಶರೀಫರ ಪದಗಳು ಅಚ್ಚಾಗುವುದಕ್ಕೆ ಮುಂಚೆ ಬದುಕಿದ್ದು ಭಜನಾ ಮೇಳಗಳಲ್ಲಿ, ಏಕತಾರಿ, ದಮ್ಮಡಿಗಳ ಜೊತೆಗೆ. ಸಿ. ಅಶ್ವಥ್ ಅವರ ಧ್ವನಿಸುರುಳಿಗಳು ಮತ್ತು 1990ರಲ್ಲಿ ತೆರೆಕಂಡ ನಾಗಾಭರಣರ ಚಿತ್ರ ಆ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದವು. ಹಳ್ಳಿಯ ಭಜನಾ ಮೇಳದ ಧಾಟಿ ಮತ್ತು ಸುಗಮ ಸಂಗೀತದ ಧಾಟಿ ಬೇರೆಬೇರೆ. ಶರೀಫರೆಂದರೆ ಎರಡನೆಯದೇ ನಿಜವಾದ ಧಾಟಿ ಎಂದು ಹೊಸ ಪೀಳಿಗೆ ತಿಳಿದಿರುವುದು ಜನಪ್ರಿಯತೆಗೆ ತೆತ್ತ ಬೆಲೆ.

ನವಲಗುಂದದ ಜಮಖಾನದ ಪಾಡು ಇವೆಲ್ಲಕ್ಕಿಂತ ಕಷ್ಟದ್ದು. ಹಾಸುವುದಕ್ಕೆ ಬಳಸುವ ಹತ್ತಿಯ ಈ ದಪ್ಪ ನೇಯ್ಗೆಯನ್ನು ಇಲ್ಲಿ ಮಾಡುವವರು ಹೆಂಗಸರು ಮಾತ್ರ. ಅದೂ ಕೆಲವೇ ಮುಸ್ಲಿಂ ಕುಟುಂಬಗಳ ಹೆಂಗಸರು. ಆದಿಲಶಾಹಿ ಕಾಲದ ಯುದ್ಧಗಳಲ್ಲಿ ವಿಜಯಪುರ ಬಿಟ್ಟು ಬಂದ ನೇಕಾರರ ಸಂತತಿ ತಾವು ಎಂಬುದು ಅವರ ಮನೆತನಗಳ ನಂಬಿಕೆ. ಸಾಮಾನ್ಯ ಕೈಮಗ್ಗ ನೆಲಕ್ಕೆ ಸಮನಾಗಿ ಅಡ್ಡಲಾಗಿರುತ್ತದೆ. ಇಲ್ಲಿಯದು ಗೋಡೆಗೆ ಆನಿಸಿದಂತೆ ನೆಟ್ಟಗೆ ನಿಲ್ಲುವ ಚೌಕಟ್ಟು. ಹಾಸಿನ ಎಳೆಗಳನ್ನು ಮೇಲಿನಿಂದ ಕೆಳಕ್ಕೆ ಬಿಗಿದು, ಬಣ್ಣದ ನೂಲನ್ನು ಬೆರಳಿನಿಂದಲೇ ಹೊಕ್ಕಾಗಿ ಹಾಯಿಸಿ, ಹಲ್ಲುಗಳಿರುವ ಹಣಿಗೆಯಂಥ ಸಾಧನದಿಂದ ಬಡಿದು ಕೂರಿಸುತ್ತಾರೆ. ಎದುರಿಗೆ ಚಿತ್ರ ಬರೆದಿಟ್ಟುಕೊಳ್ಳುವ ರೂಢಿಯಿಲ್ಲ; ಎಳೆಗಳ ಲೆಕ್ಕ ಹೆಂಗಸರ ತಲೆಯಲ್ಲಿರುತ್ತದೆ. ನವಿಲು, ಪಗಡೆ ಹಾಸು, ಚೌಕ, ಮೂಲೆಮೂಲೆಯ ಗೆರೆಗಳು ಇಲ್ಲಿಯ ಗುರುತು. ನಮಾಜಿಗೆ ಹಾಸುವ ಜಾನಮಾಜ್‌ಗಳನ್ನೂ, ದನಗಳ ಬೆನ್ನಿಗೆ ಹೊದಿಸುವ ಗುದ್ದಾರಗಳನ್ನೂ ಇದೇ ಕೈಗಳು ನೇಯುತ್ತವೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಜೊತೆ ಗುಟ್ಟೂ ಹೋಗಬಾರದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರು ಎಂಬ ಮಾತಿದೆ. ಕಸುಬನ್ನು ಕಾಪಾಡಲು ಮಾಡಿಕೊಂಡ ಕಟ್ಟುಪಾಡೇ ಅದು ಹೊರಗೆ ಬೆಳೆಯದಂತೆಯೂ ನೋಡಿಕೊಂಡಿತು.

ಭೌಗೋಳಿಕ ಸೂಚಿಕೆಯ ಮಾನ್ಯತೆ ಈ ಜಮಖಾನಕ್ಕೆ ಸಿಕ್ಕಿದೆ. ಅರ್ಜಿ ಹಾಕಿದ್ದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ. ನವಲಗುಂದದ ಹೆಸರನ್ನು ಬೇರೆಯವರು ಬಳಸಿಕೊಳ್ಳದಂತೆ ಅದು ಕಾನೂನಿನ ರಕ್ಷಣೆ ಕೊಡುತ್ತದೆ, ಕೊಳ್ಳುವವರನ್ನು ಕೊಡುವುದಿಲ್ಲ. ಹಿಂದೆ ಮದುವೆಯ ನೆಲ್ಲಕ್ಕಿ, ನಿಶ್ಚಿತಾರ್ಥ, ಪಂಚರ ಕೂಟ, ಭಜನೆ, ಪುರಾಣ, ದಲಾಲಿ ಅಂಗಡಿಯ ಗಾದಿ ಎಲ್ಲಕ್ಕೂ ಜಮಖಾನ ಬೇಕಿತ್ತು, ಏಕೆಂದರೆ ಜನ ಕೂಡುವುದೆಂದರೆ ನೆಲದ ಮೇಲೆ ಕೂಡುವುದಾಗಿತ್ತು. ಪ್ಲಾಸ್ಟಿಕ್ ಕುರ್ಚಿ ಬಂದು, ಶಾಮಿಯಾನದವರು ಅದನ್ನು ಬಾಡಿಗೆಗೆ ಕೊಡಲು ಶುರು ಮಾಡಿದ ಮೇಲೆ ಮೂಲ ಬೇಡಿಕೆಯೇ ಹೋಯಿತು. ಉಳಿದ ಅಷ್ಟಿಷ್ಟು ಬೇಡಿಕೆಯನ್ನು ಯಂತ್ರಮಗ್ಗದ ಅಗ್ಗದ ಜಮಖಾನ ನುಂಗಿತು. ವಾರಗಟ್ಟಲೆ ಬೆರಳು ಸವೆಸಿ ನೇಯ್ದದ್ದಕ್ಕೆ ಬರುವ ಕೂಲಿ ಹೊಲದ ಕೂಲಿಗಿಂತ ಕಡಿಮೆಯೆಂದಾದಾಗ ಸೊಸೆಯಂದಿರು ಕಲಿಯಲು ಒಲ್ಲೆವೆನ್ನುವುದು ಸಹಜ. ಹಿಂದೆ ಓಣಿಗೆ ಓಣಿಯೇ ನೇಯುತ್ತಿದ್ದಲ್ಲಿ ಈಗ ಬೆರಳೆಣಿಕೆಯ ಮನೆಗಳು ಉಳಿದಿವೆ. ಕರಕುಶಲ ಮೇಳಗಳಿಗೆ, ನಗರದ ಮನೆಯ ಗೋಡೆಗೆ ತೂಗುಹಾಕುವ ಸಣ್ಣ ಅಳತೆಯ ತುಂಡುಗಳಿಗೆ ನೇಯುವುದು ಇಂದಿನ ದಾರಿ. ಜಮಖಾನ ನೆಲದಿಂದ ಗೋಡೆಗೆ ಏರಿದರೂ ಅದನ್ನು ನೇಯ್ದವಳ ಹೆಸರು ಅದರ ಮೇಲೆ ಬರುವುದು ಅಪರೂಪ.

ಇದಕ್ಕೆ ನೇರ ವಿರುದ್ಧವಾದ ಉದಾಹರಣೆ ಕಲಘಟಗಿಯ ತೊಟ್ಟಿಲು. ತೇಗದ ಮರದಲ್ಲಿ ಮಾಡಿ, ನಾಲ್ಕೂ ಬದಿಗೆ ಅರಗಿನ ಹೊಳಪಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಬರೆಯುವ ಈ ತೊಟ್ಟಿಲನ್ನು ಮಾಡುವುದು ಕೆಲವೇ ಚಿತ್ರಗಾರ ಮನೆಗಳು. ಆದರೂ ಕಸುಬಿಗೆ ಬರವಿಲ್ಲ. ಕಾರಣ, ಅದರ ಬಳಕೆ ಬಂಧುತ್ವದ ಒಂದು ಕಟ್ಟಳೆಯೊಳಗೆ ಕೂತಿದೆ. ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ; ಕೂಸನ್ನು ಕರೆದುಕೊಂಡು ಮಗಳು ಗಂಡನ ಮನೆಗೆ ಹೊರಟಾಗ ತೊಟ್ಟಿಲು ಕೊಟ್ಟು ಕಳಿಸುವುದು ತವರಿನವರ ಹೆಮ್ಮೆ. ಹೀಗಾಗಿ ತಿಂಗಳುಗಳ ಮೊದಲೇ ಹೇಳಿ ಮಾಡಿಸುತ್ತಾರೆ. ಯಾವ ಚಿತ್ರ ಬೇಕೆಂಬುದು ಮನೆಯವರ ಪಂಥ, ಧರ್ಮದ ಮೇಲೆ ಹೋಗುತ್ತದೆ. ಮೂರ್ತಿ ಬೇಡವೆನ್ನುವ ಮನೆಗಳಿಗೆ ಬಳ್ಳಿ, ಹೂವು ಬರೆದುಕೊಡುತ್ತಾರೆ. ಒಂದು ತೊಟ್ಟಿಲಿನಲ್ಲಿ ಮೂರು ನಾಲ್ಕು ತಲೆಮಾರು ಮಲಗಿ ಬೆಳೆದ ಮನೆಗಳಿವೆ. ನಟ ಅಂಬರೀಷ್ ಅವರು ನಟ ಯಶ್ ದಂಪತಿಯ ಮಗುವಿಗೆಂದು ಇಲ್ಲಿ ತೊಟ್ಟಿಲು ಮಾಡಿಸಿದ ಸುದ್ದಿ ಹಬ್ಬಿದಾಗ ದಕ್ಷಿಣದ ಜಿಲ್ಲೆಗಳಲ್ಲೂ ಕಲಘಟಗಿಯ ಹೆಸರು ಕೇಳಿಬಂತು. ಜಮಖಾನಕ್ಕೂ ತೊಟ್ಟಿಲಿಗೂ ಕೌಶಲದಲ್ಲಿ ಹೆಚ್ಚುಕಡಿಮೆ ಇಲ್ಲ. ಪ್ಲಾಸ್ಟಿಕ್ ಕುರ್ಚಿ ಜಮಖಾನದ ಜಾಗವನ್ನು ಕಿತ್ತುಕೊಂಡಿತು. ತವರಿನ ಮರ್ಯಾದೆಯ ಜಾಗಕ್ಕೆ ಬರಬಲ್ಲ ಪ್ಲಾಸ್ಟಿಕ್ ತೊಟ್ಟಿಲು ಇನ್ನೂ ಬಂದಿಲ್ಲ.

ಹರಕೆಯ ಬಲವೂ ಇಂಥದ್ದೇ. ಹೋಳಿ ಹುಣ್ಣಿಮೆಗೆ ಊರೂರಲ್ಲಿ ಕಾಮನನ್ನು ಸುಡುತ್ತಾರೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಮಾತ್ರ ದೂರದೂರದವರು ಬಂದು ಮದುವೆ, ಮಕ್ಕಳು, ಮನೆ, ನೌಕರಿಗಾಗಿ ಹರಕೆ ಹೊರುತ್ತಾರೆ. ಈಡೇರಿದವರು ಮರುವರ್ಷ ಬಂದು ತೀರಿಸುತ್ತಾರೆ. ಹರಕೆಗಳ ಪಟ್ಟಿಗೆ ಸರ್ಕಾರಿ ನೌಕರಿ ಸೇರಿಕೊಂಡಿರುವುದು ಕಾಲದ ಗುರುತು. ಅದೇ ತಾಲ್ಲೂಕಿನ ಯಮನೂರಿನಲ್ಲಿ ಹೋಳಿಯ ನಂತರ ರಾಜಾಬಾಗಸವಾರರ ಉರುಸು. ಹಿಂದೂಗಳು ಅವರನ್ನೇ ಚಾಂಗದೇವನೆಂದು ಪೂಜಿಸುತ್ತಾರೆ. ಬೆಣ್ಣಿಹಳ್ಳದಲ್ಲಿ ಮಿಂದರೆ ಚರ್ಮದ ರೋಗ ವಾಸಿಯಾಗುತ್ತದೆಂಬ, ಹಿಂದೆ ಆ ಹಳ್ಳದ ನೀರಿನಿಂದಲೇ ದೀಪ ಉರಿದಿತ್ತೆಂಬ ನಂಬಿಕೆ ಎರಡೂ ಕಡೆಯವರದು. ಮೊಹರಂ ಕೂಡ ಈ ಸೀಮೆಯಲ್ಲಿ ಅಲಾಯಿ ಹಬ್ಬವಾಗಿ ಕನ್ನಡದ ಹಬ್ಬವಾಗಿದೆ. ಮುಸ್ಲಿಂ ಮನೆಗಳೇ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂರುತ್ತವೆ. ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಲ್ಲಿ ಕನ್ನಡದಲ್ಲಿ ಹಾಡಿ, ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಎರಡೂ ಧರ್ಮಗಳ ಶುದ್ಧಿವಾದಿಗಳಿಗೆ ಇದು ಹಿಡಿಸುವುದಿಲ್ಲ. ಪಟ್ಟಣಗಳಿಂದ ಬಂದ ಅಂಥ ಮಾತು ಕೆಲವೆಡೆ ಆಚರಣೆಯನ್ನು ತೆಳುಮಾಡಿರುವುದೂ ನಿಜ, ಇಷ್ಟಾದರೂ ಅಲಾಯಿ ಹಬ್ಬ ನಿಂತಿಲ್ಲ.

ತೀರ ಈಚಿನ ಇತಿಹಾಸವನ್ನು ಒಂದು ಸೀಮೆ ಹೇಗೆ ಸಂಪ್ರದಾಯ ಮಾಡಿಕೊಳ್ಳುತ್ತದೆ ಎಂಬುದಕ್ಕೆ ನವಲಗುಂದದ ರೈತ ಬಂಡಾಯ ಒಳ್ಳೆಯ ನಿದರ್ಶನ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ಒಣಬೇಸಾಯದ ಎರಿ ಹೊಲಗಳಿಗೆ ಕಾಲುವೆ ತಂದಿತು. ನೀರು ಎಲ್ಲರಿಗೂ ಮುಟ್ಟಲಿಲ್ಲ, ಅಭಿವೃದ್ಧಿ ಕರದ ನೋಟಿಸು ಮಾತ್ರ ಮುಟ್ಟಿತು. ಹತ್ತಿಯ ಬೆಲೆಯೂ ಬಿದ್ದಿತ್ತು. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದ 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ಸಾವಿರಾರು ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಬಿಟ್ಟರು. ಆ ಕಿಚ್ಚಿನ ಬೆನ್ನಿಗೆ ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ಸರ್ಕಾರವೇ ಬಿದ್ದಿತು.

ಆ ಜುಲೈ 21 ಈಗ ರೈತ ಹುತಾತ್ಮ ದಿನ. ಸತ್ತ ಜಾಗದಲ್ಲಿ ನೆಟ್ಟ ಕಲ್ಲನ್ನು ಜನ ವೀರಗಲ್ಲೆಂದೇ ಕರೆದು, ಮಾಲೆ ಹಾಕುತ್ತಾರೆ. ಊರಿನ ದನಗಳನ್ನು ಕಾಯಲು ಹೋಗಿ ಸತ್ತವನಿಗೆ ಕಲ್ಲು ನೆಡುವ ಪದ್ಧತಿ ಈ ನಾಡಿನಲ್ಲಿ ಸಾವಿರ ವರ್ಷದ್ದು. ಆಧುನಿಕ ರಾಜಕೀಯದ ಸಾವೊಂದನ್ನು ಜನ ತಮಗೆ ಗೊತ್ತಿದ್ದ ಹಳೆಯ ಅಚ್ಚಿಗೇ ಹಾಕಿಕೊಂಡರು. 1997ರಲ್ಲಿ ನರಗುಂದ ಗದಗ ಜಿಲ್ಲೆಗೆ ಹೋಯಿತು, ಸ್ಮರಣೆ ಮಾತ್ರ ಎರಡೂ ಊರುಗಳಿಗೆ ಸೇರಿ ಒಂದೇ ಆಗಿ ಉಳಿಯಿತು. ಅದು ಸುಮ್ಮನೆ ಮಾಲೆ ಹಾಕುವ ಸ್ಮರಣೆಯೂ ಅಲ್ಲ. ಮಲಪ್ರಭೆಗೆ ಮಹದಾಯಿಯ ನೀರು ತರುವ ಕಳಸಾ-ಬಂಡೂರಿ ಯೋಜನೆಗಾಗಿ 2015ರಿಂದ ಈ ಊರುಗಳಲ್ಲಿ ವರ್ಷಗಟ್ಟಲೆ ಧರಣಿ ನಡೆದಾಗ ಭಾಷಣಗಳೆಲ್ಲ 1980ರಿಂದಲೇ ಶುರುವಾಗುತ್ತಿದ್ದವು. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ಮತ್ತೆ ಹೊತ್ತಿತು, ಯಮನೂರಿನಂಥ ಹಳ್ಳಿಗಳ ಮೇಲೆ ಪೊಲೀಸರ ಲಾಠಿ ಬಿದ್ದಿತು. 2018ರ ಆಗಸ್ಟ್‌ನಲ್ಲಿ ಬಂದ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಕಾಮಗಾರಿಯ ತಕರಾರುಗಳು ಅದರ ನಂತರವೂ ಮುಗಿದಿಲ್ಲವಾದ್ದರಿಂದ ಹುತಾತ್ಮ ದಿನಕ್ಕೆ ಪ್ರತಿ ವರ್ಷವೂ ಹೊಸ ಕೆಲಸವಿರುತ್ತದೆ.

ಎರಿ ಬಯಲಿನಿಂದ ಪಶ್ಚಿಮಕ್ಕೆ ಹೊರಳಿದರೆ, ಕಲಘಟಗಿಯ ಕಾಡಂಚಿನಲ್ಲಿ ಬೇರೆ ಬೇರೆ ಕಾಲಕ್ಕೆ ಬಂದು ನೆಲೆಸಿದ ಲಂಬಾಣಿ, ಗೌಳಿ, ಸಿದ್ದಿ ಸಮುದಾಯಗಳಿವೆ. ಎಮ್ಮೆ ಸಾಕುವ ಗೌಳಿಗರು ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುತ್ತಾರೆ, ದಸರೆಗೆ ಹಟ್ಟಿಗಳವರೆಲ್ಲ ಕೂಡಿ ಕುಣಿಯುತ್ತಾರೆ. ಪೋರ್ಚುಗೀಸರ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಆಫ್ರಿಕನ್ ಮೂಲದವರು ಸಿದ್ದಿಗಳು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಜಿಲ್ಲೆಯ ಗಡಿಯ ಈಚೆ ಇದ್ದ ಅವರದೇ ಬಂಧುಗಳಿಗೆ ಸಿಗಲಿಲ್ಲ. ಧಾರವಾಡ, ಬೆಳಗಾವಿಯ ಸಿದ್ದಿಗಳನ್ನು ಪಟ್ಟಿಗೆ ಸೇರಿಸಿದ್ದು 2020ರ ತಿದ್ದುಪಡಿ ಕಾಯ್ದೆ. ತಮ್ಮ ಮೂಲವನ್ನು ಮುಚ್ಚಿಡುತ್ತಿದ್ದ ಒಂದು ಸಮುದಾಯ ಡಮಾಮಿ ಕುಣಿತ, ಕೌದಿಯ ಹೊಲಿಗೆಗಳನ್ನು ಮುಂದಿಟ್ಟು ಅದನ್ನೇ ಗುರುತಾಗಿ ಎತ್ತಿ ಹಿಡಿಯುವಂತಾದದ್ದರಲ್ಲಿ ಮೀಸಲಾತಿಯ ಪಾಲೂ ಇದೆ. ಇಲ್ಲಿ ಸರ್ಕಾರದ ಮಾನ್ಯತೆ ಕೆಲಸ ಮಾಡಿತು, ಏಕೆಂದರೆ ಅದು ವಸ್ತುವಿಗಲ್ಲ, ಮನುಷ್ಯರಿಗೆ ಸಿಕ್ಕಿತು.

ಈ ಸೀಮೆಯನ್ನು ದಾಖಲಿಸುವ ಸಂಸ್ಥೆಗಳಿಗೇನೂ ಕೊರತೆಯಿಲ್ಲ. ಧಾರವಾಡದಲ್ಲಿ 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1939ರ ಕನ್ನಡ ಸಂಶೋಧನ ಸಂಸ್ಥೆ, 1950ರ ಆಕಾಶವಾಣಿ ಇವೆ. ನೆರೆಯ ಶಿಗ್ಗಾಂವಿಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಶಾಸನ, ಗೀಗೀ ಪದ, ಡೊಳ್ಳಿನ ಹಾಡು, ಸಣ್ಣಾಟಗಳು ಹೀಗೆ ಪುಸ್ತಕಕ್ಕೆ, ಧ್ವನಿಮುದ್ರಣಕ್ಕೆ ಬಂದಿವೆ. ಈಗ ಭಜನಾ ಮೇಳಗಳವರು ತಾವೇ ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಪುಣೆ, ಗೋವೆಗೆ ದುಡಿಯಲು ಹೋದ ಊರಿನವರು ಅಲ್ಲಿಂದಲೇ ಕೇಳುತ್ತಾರೆ. ದಾಖಲೆಗೆ ಕಡಿಮೆ ಬಂದದ್ದು ಹೆಂಗಸರ ಪಾಲಿನದು. ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಬೀಸುವ ಪದಕ್ಕೆ ಸಂದರ್ಭವೇ ಇಲ್ಲವಾಯಿತು. ಸೋಬಾನೆ ಪದ ಮದುವೆಯ ಧ್ವನಿವರ್ಧಕಕ್ಕೆ ಸೋತಿತು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಮನೆಮನೆಗೆ ಹಾಡುತ್ತ ಬರುವ ಹೆಣ್ಣುಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಹಾಡುವುದು ಭಿಕ್ಷೆಯಂತೆ ಕಾಣುತ್ತದೆಂದು ಓದಿದ ಮಕ್ಕಳು ತಾಯಂದಿರನ್ನು ತಡೆಯುವುದೂ ಉಂಟು. ಆ ಸಂಕೋಚವನ್ನು ಹೊರಗಿನವರು ಹಗುರವಾಗಿ ಕಾಣುವಂತಿಲ್ಲ.

ಬೇಸಾಯದ ಹಬ್ಬಗಳು ಮಾತ್ರ ಬೇಸಾಯ ಬದಲಾದಂತೆ ತಾವೂ ಬದಲಾಗುತ್ತ ಬಂದಿವೆ. ಶೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಾಳುಪಲ್ಯ ಉಂಡು ಬರುವುದಕ್ಕೆ ಹುಬ್ಬಳ್ಳಿಯ ನೌಕರಿಯವರೂ ಊರಿಗೆ ಬರುತ್ತಾರೆ. ಕೊಲ್ಲಾರಿ ಬಂಡಿಯ ಬದಲು ಟ್ರ್ಯಾಕ್ಟರ್ ಟ್ರೇಲರ್, ಕಾರು. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಬಳಿದು ಕರಿ ಹರಿಯುವ ಊರುಗಳಲ್ಲಿ ಎತ್ತಿನ ಜೋಡಿಗಳು ಮೊದಲಿನಷ್ಟಿಲ್ಲ. ಅದರ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಈ ತೊಂದರೆಯಿಲ್ಲ. ಆ ಹಬ್ಬಕ್ಕೆ ಬೇಕಾದದ್ದು ಎರಿ ಮಣ್ಣಿನ ಒಂದು ಜೋಡಿ ಎತ್ತು, ಒಂದು ಗೋದಲಿ. ಕುಂಬಾರರು ಅವನ್ನು ಬುಟ್ಟಿಯಲ್ಲಿ ಹೊತ್ತು ತಂದು ಓಣಿಯಲ್ಲಿ ಮಾರುತ್ತಾರೆ. ಕೊಟ್ಟಿಗೆಯನ್ನು ಬಾಡಿಗೆ ಮನೆ ಮಾಡಿದವರು, ಹೊಲವನ್ನು ಪಾಲಿಗೆ ಕೊಟ್ಟವರು, ಅವಳಿ ನಗರದ ಬಡಾವಣೆಗಳಲ್ಲಿ ನಿವೇಶನ ಕೊಂಡು ಮನೆ ಕಟ್ಟಿದವರು, ಎಲ್ಲರೂ ಅವನ್ನು ಕೊಳ್ಳುತ್ತಾರೆ.